ಪರ್ಚೇಸ್‌ನಲ್ಲಿದ್ದೀಯಂತೆ, ಮೇಲೆ ಎಷ್ಟು ಸಿಗುತ್ತೆ?

ಒಂದು ರೂಪಾಯಿಯೂ ಇಲ್ಲ. ಸಂಬಳ ಬಿಟ್ಟು ನನಗೆ ಬೇರೇನೂ ಬರುವುದಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಈ ಬರಹವನ್ನೇ ಕಳಿಸುತ್ತೇನೆ.

ಕೊಪ್ಪಳದ ಸುತ್ತ ಉಕ್ಕು, ಸ್ಪಾಂಜ್ ಐರನ್ ಕಾರ್ಖಾನೆಗಳು ಬಹಳ. ಅಂಥದ್ದೊಂದರ ಖರೀದಿ ವಿಭಾಗದಲ್ಲಿ ನಾನು ಡೇಟಾ, ರಿಪೋರ್ಟ್ ನೋಡಿಕೊಳ್ಳುತ್ತೇನೆ. ಖರೀದಿ ಅಂದ ಕೂಡಲೇ ಕೇಳುವವರ ದನಿ ತಗ್ಗುತ್ತದೆ. ಗವಿಮಠದ ಜಾತ್ರೆಯಲ್ಲಿ ದಾಸೋಹಕ್ಕೆ ಕೂತಾಗ ದೂರದ ಸಂಬಂಧದ ಕಾಕಾ ಒಬ್ಬರು ಅದನ್ನೂ ತಗ್ಗಿಸಲಿಲ್ಲ.

"ಏನವಾ, ಪರ್ಚೇಸ್‌ನ್ಯಾಗ ಅದೀಯಂತ. ಮ್ಯಾಲ ಚಲೋ ಬರತೈತೇನು?"

"ನಾ ಏನೂ ಖರೀದಿ ಮಾಡಂಗಿಲ್ಲ ಕಾಕಾ, ಲೆಕ್ಕ ನೋಡ್ತೀನಿ."

"ಲೆಕ್ಕ ನೋಡೋರಿಗೇ ಜಾಸ್ತಿ ಅಲ್ಲೇನು!" ಅಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಪಕ್ಕದಲ್ಲಿದ್ದ ಅಪ್ಪ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ. ಸಾಲ ಮಾಡಿ ಮಗಳನ್ನು ಓದಿಸಿದವರು ಅವರು. ಕಾಕಾನಿಗೆ ಅದು ತಮಾಷೆ. ನನಗೆ, "ನೀನು ಕಳ್ಳಿ ಅಲ್ವಾ" ಅಂತ ಅಪ್ಪನ ಎದುರೇ ಕೇಳಿದ ಹಾಗಾಯಿತು.

ಈ ಕಡೆಯವರಿಗೆ ಅನುಮಾನ ಯಾಕೆ ಬರುತ್ತದೆ ಅನ್ನುವುದು ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಮೇಲೆ 2022ರವರೆಗೆ ಅದಿರು ಇ-ಹರಾಜಿನಲ್ಲೇ ಮಾರಬೇಕಿತ್ತು. ಅದಿರು ಅಂದರೆ ಕಳ್ಳ ದುಡ್ಡು ಅಂತ ಜನರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದರೆ ಅಂಥ ದುಡ್ಡು ಎಲ್ಲಿ ಅಡಗುತ್ತದೋ ಅಲ್ಲಿಗೆ ದೀಪ ಹಿಡಿಯುವ ಕೆಲಸ ನನ್ನದು.

ಸಂಡೂರು ಕಡೆಯಿಂದ ಅದಿರಿನ ಲಾರಿ ಬಂತು ಅನ್ನಿ. ಗೇಟ್ ಎಂಟ್ರಿ ಆಗುತ್ತದೆ. ವೇ ಬ್ರಿಡ್ಜ್ ಮೇಲೆ ತೂಕ ಆಗುತ್ತದೆ. ಲ್ಯಾಬ್‌ನವರು ಕಬ್ಬಿಣದ ಅಂಶ, ತೇವಾಂಶ ನೋಡುತ್ತಾರೆ. ಆಮೇಲೆ ಜಿಆರ್‌ಎನ್, ಅಂದರೆ ಮಾಲು ನಮ್ಮ ಕೈಸೇರಿತು ಅನ್ನುವ ದಾಖಲೆ. ನಾವು ಕೊಟ್ಟ ಪಿಒ (ಖರೀದಿ ಆರ್ಡರ್), ಈ ಜಿಆರ್‌ಎನ್, ಅವರ ಬಿಲ್ ಮೂರೂ ತಾಳೆಯಾದರೆ ದುಡ್ಡು ಹೋಗುತ್ತದೆ. ಮಳೆಗಾಲದಲ್ಲಿ ಫೈನ್ಸ್, ಅಂದರೆ ಪುಡಿ ಅದಿರು, ನೀರು ಕುಡಿದು ಬರುತ್ತದೆ. 100 ಟನ್ನಿನಲ್ಲಿ 8 ಟನ್ ನೀರೇ ಇದ್ದರೆ 92 ಟನ್ನಿಗೆ ಮಾತ್ರ ಬೆಲೆ ಕಟ್ಟಬೇಕು. ಒಂದೇ ಗಣಿಯ ಅದಿರು, ಒಂದೇ ವಾರ, ಒಂದು ಲಾರಿಯಲ್ಲಿ ಮಾತ್ರ ತೇವಾಂಶ ತೀರಾ ಕಡಿಮೆ ಬಂದಿದ್ದರೆ ನನ್ನ ರಿಪೋರ್ಟ್‌ನಲ್ಲಿ ಅದು ಎದ್ದು ಕಾಣುತ್ತದೆ. ಮ್ಯಾನೇಜರ್ ಸಹಿಯ ಮಿತಿ ದಾಟದಂತೆ ಒಂದು ಆರ್ಡರನ್ನು ನಾಲ್ಕು ತುಂಡು ಮಾಡಿ ಒಬ್ಬರಿಗೇ ಕೊಟ್ಟಿದ್ದರೂ ಕಾಣುತ್ತದೆ. ಇದನ್ನು ಹುಡುಕುವವಳನ್ನೇ ಹಿಡಿದು ಮೇಲೆಷ್ಟು ಅಂತ ಕೇಳುತ್ತಾರೆ. ಸಿಟ್ಟು ಬರುವುದಿಲ್ಲವೇ?

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಅದನ್ನು ಒಬ್ಬರು ಕೇಳಿದ್ದಾರೆ. ಗಿಣಿಗೇರಾ ಕಡೆಯ ಲೇತ್ ಅಂಗಡಿಯವರು, ನಮಗೆ ಶಾಫ್ಟ್, ಬುಷ್‌ನಂಥ ಯಂತ್ರದ ಭಾಗ ಮಾಡಿಕೊಡುವವರು. "ನನ್ನ ಬಿಲ್ ಎಲ್ಲಿ ನಿಂತೈತ್ರಿ ಮೇಡಂ?" ಅಂದರು. ಹುಡುಕಿದೆ. ಪಿಒದಲ್ಲಿ ಬುಷ್ ನಗದ ಲೆಕ್ಕದಲ್ಲಿ, ಅಂದರೆ ಒಂದೊಂದಾಗಿ ಎಣಿಸುವ ಲೆಕ್ಕದಲ್ಲಿತ್ತು, ಜಿಆರ್‌ಎನ್‌ನಲ್ಲಿ ಕಿಲೋ ಲೆಕ್ಕದಲ್ಲಿತ್ತು. ತಾಳೆಯಾಗದೆ ಬಿಲ್ ಸುಮ್ನೆ ಕೂತಿತ್ತು. ಯಾರೂ ಬೇಕಂತ ತಡೆದಿರಲಿಲ್ಲ. ಅಷ್ಟರಲ್ಲಿ ಅವರು ಹುಡುಗರ ಪಗಾರಕ್ಕೆ ಕೈಸಾಲ ಮಾಡಿದ್ದರು. ಅವತ್ತಿನಿಂದ ತಾಳೆಯಾಗದೆ ನಿಂತ ಸಣ್ಣ ಬಿಲ್‌ಗಳ ಪಟ್ಟಿಯನ್ನೇ ರಿಪೋರ್ಟಿನ ಮೊದಲ ಪುಟಕ್ಕೆ ತಂದಿದ್ದೇನೆ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಪುಟ ಅದು.

ಕಾನೂನೂ ಇದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಮಾಲು ಒಪ್ಪಿಕೊಂಡ 45 ದಿನದೊಳಗೆ ದುಡ್ಡು ಕೊಡಬೇಕು. ಬರವಣಿಗೆಯಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಬಡ್ಡಿ, ಅದೂ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ಚಕ್ರಬಡ್ಡಿ. ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಅನ್ನುವ ಕಲಂ ಸೇರಿದ ಮೇಲೆ, ಈ ಗಡುವು ಮೀರಿದ ಬಾಕಿಯನ್ನು ದುಡ್ಡು ಕೊಡುವವರೆಗೆ ಕಂಪನಿಗಳು ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸುವ ಹಾಗಿಲ್ಲ. ಹಾಗಾಗಿ ದೊಡ್ಡವರೂ ಈಗ ನನ್ನ ಪಟ್ಟಿಯನ್ನು ಕೇಳಿ ತರಿಸಿಕೊಳ್ಳುತ್ತಾರೆ.

ನಿಮ್ಮದೊಂದು ವರ್ಕ್‌ಶಾಪ್ ಇದ್ದರೆ, ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರದ ನೋಂದಣಿ) ಮಾಡಿಸಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಆ ನಂಬರನ್ನು ಬಿಲ್ ಮೇಲೆ ಹಾಕಿ. ಪಿಒದಲ್ಲಿ ನಗ ಅಂತಿದ್ದರೆ ಬಿಲ್‌ನಲ್ಲೂ ನಗ ಅಂತಲೇ ಬರೆಯಿರಿ. ಮಾಲು ಇಳಿಸಿದ ಮೇಲೆ ಸ್ಟೋರ್‌ನವರ ಹತ್ತಿರ ಜಿಆರ್‌ಎನ್ ನಂಬರ್, ತಾರೀಖು ಕೇಳಿ ಬರೆದುಕೊಳ್ಳಿ. ಬಿಲ್ ತಡವಾದಾಗ ಅದನ್ನು ಹೇಳಿದರೆ ನನ್ನಂಥವರು ಅಲ್ಲೇ ಹುಡುಕಿ, ಎಲ್ಲಿ ನಿಂತಿದೆ ಅಂತ ಹೇಳುತ್ತೇವೆ.