ನಾರ್ತ್ ಬೆರಿಕ್‌ಗೆ ಗಾಲ್ಫ್ ಆಡಲು ಹೋಗುವವರಿಗೆ: ಒಂದೇ ಕೋರ್ಸ್, ಎರಡು ಸಲ ಆಡಿ

ಎರಡನೇ ಹೋಲ್‌ನಲ್ಲಿ ಹೊಡೆದ ಚೆಂಡು ಬಲಕ್ಕೆ ಬಾಗಿ ಸೀದಾ ಬೀಚಿಗೆ ಬಿತ್ತು. ಪೆನಾಲ್ಟಿ ಅಂದುಕೊಂಡು ಜೇಬಿನಿಂದ ಇನ್ನೊಂದು ಚೆಂಡು ತೆಗೆದೆ. ಬ್ಯಾಗ್ ಹೊತ್ತು ಜೊತೆಗೆ ಬರುತ್ತಿದ್ದ ಕ್ಯಾಡಿ, ಬೇಡ ಅಂತ ಕೈ ಅಡ್ಡ ಮಾಡಿದರು. "ಅಲ್ಲಿಂದಲೂ ಆಡಬಹುದು. ಇಳಿದು ಹೊಡೆಯಿರಿ."

ಇಳಿದೆ. ಒದ್ದೆ ಮರಳು ಗಟ್ಟಿಯಾಗಿತ್ತು. ಚೆಂಡಿನ ಪಕ್ಕದಲ್ಲಿ ಒಂದು ಮುರಿದ ಚಿಪ್ಪು, ಒಂದಿಷ್ಟು ಕಂದು ಬಣ್ಣದ ಕಡಲ ಪಾಚಿ. ನಾಯಿ ಹಿಡಿದುಕೊಂಡು ಬರುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ನೋಡಿ ಅಲ್ಲೇ ನಿಂತರು, ನಾಯಿಯನ್ನೂ ನಿಲ್ಲಿಸಿದರು. 7 ಐರನ್ ಎಂಬ ಕೋಲಿನಲ್ಲಿ ಹೊಡೆದೆ. ಚೆಂಡು ಎದ್ದು ದಂಡೆ ದಾಟಿ ಹುಲ್ಲಿನ ಮೇಲೆ ಬಿತ್ತು. ಅಜ್ಜಿ ಕೈ ಎತ್ತಿ ತೋರಿಸಿ ಮುಂದೆ ನಡೆದರು. ಬೆಂಗಳೂರಿನಲ್ಲಿ ಇಷ್ಟು ವರ್ಷ ಆಡಿದ್ದೇನೆ. ಒಂದು ಹೊಡೆತ ಇಷ್ಟು ಖುಷಿ ಕೊಟ್ಟದ್ದು ನೆನಪಿಲ್ಲ.

ಇದು ನಡೆದದ್ದು ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ನಾರ್ತ್ ಬೆರಿಕ್‌ನಲ್ಲಿ, ವೆಸ್ಟ್ ಲಿಂಕ್ಸ್ ಎಂಬ ಕೋರ್ಸ್‌ನಲ್ಲಿ. ಇಲ್ಲಿನ ಕ್ಲಬ್ ಶುರುವಾದದ್ದು 1832ರಲ್ಲಿ. ನಮ್ಮ ಬ್ಯಾಂಗಲೋರ್ ಗಾಲ್ಫ್ ಕ್ಲಬ್ 1876ರದ್ದು. ನಾವು ಹಳೆಯದು ಅಂತ ಹೆಮ್ಮೆ ಪಡುವ ಕ್ಲಬ್‌ಗಿಂತಲೂ 44 ವರ್ಷ ಹಿಂದಿನದು ಇದು.

ಸ್ಕಾಟ್ಲೆಂಡಿಗೆ ಹೋಗ್ತೀನಿ ಅಂದರೆ ಎಲ್ಲರೂ ಕೇಳುವುದು ಸೇಂಟ್ ಆಂಡ್ರೂಸ್ ಅಲ್ವಾ ಅಂತ. ಗಾಲ್ಫ್‌ನ ತವರು ಅಂತ ಹೆಸರಾದ ಆ ಊರಿನ ಓಲ್ಡ್ ಕೋರ್ಸ್ ಬಗ್ಗೆ ನನಗೂ ಗೌರವ ಇದೆ. ಆದರೆ ಮೊದಲೇ ಬುಕ್ ಮಾಡಿಲ್ಲದಿದ್ದರೆ ಅಲ್ಲಿ ಎರಡು ದಿನ ಮುಂಚೆ ಚೀಟಿ ಎತ್ತುವ ಪದ್ಧತಿ. ಹೆಸರು ಬಂದರೆ ಆಟ, ಇಲ್ಲದಿದ್ದರೆ ಇಲ್ಲ. ಇರುವುದೇ ಒಂದು ವಾರದ ರಜೆ ಅಂದರೆ ಅದನ್ನು ನಂಬಿ ಕೂರುವುದು ಕಷ್ಟ. ಭಾನುವಾರ ಅಲ್ಲಿ ಸಾಮಾನ್ಯವಾಗಿ ಆಟ ಇರುವುದಿಲ್ಲ, ಊರಿನವರು ಕೋರ್ಸ್ ಮೇಲೆ ಓಡಾಡುತ್ತಾರೆ. ಅವತ್ತು ಹೋಗಿ ನಡೆದಾಡಿ, ಕೋರ್ಸ್ ಮೇಲಿನ ಹಳೆಯ ಕಲ್ಲಿನ ಸ್ವಿಲ್ಕನ್ ಸೇತುವೆ ನೋಡಿ ಬನ್ನಿ. ದುಡ್ಡು ಮತ್ತು ದಿನ ಎರಡನ್ನೂ ನಾರ್ತ್ ಬೆರಿಕ್‌ಗೆ ಇಟ್ಟುಕೊಳ್ಳಿ. ಅದರಲ್ಲೂ ವೆಸ್ಟ್ ಲಿಂಕ್ಸ್ ಅನ್ನು ಎರಡು ಸಲ ಆಡಿ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದೇ.

ಎರಡು ಸಲ ಯಾಕೆ ಅಂತ ಹೇಳ್ತೀನಿ.

ಲಿಂಕ್ಸ್ ಅಂದರೆ ಕಡಲಿಗೂ ಹೊಲಗಳಿಗೂ ನಡುವೆ ಇರುವ ಮರಳು ದಿಬ್ಬಗಳ ನೆಲ. ದಿಬ್ಬ, ಏರು ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದದಿಂದ ಬಂದ ಹೆಸರು. ಬೇಸಾಯಕ್ಕೆ ಬಾರದ ಜಾಗ. ಕುರಿ ಮೇಯುತ್ತಿದ್ದವು, ಜನ ಚೆಂಡು ಹೊಡೆಯುತ್ತಿದ್ದರು. ಐರನ್ ತಾಗಿ ಕಿತ್ತುಬಂದ ಹುಲ್ಲಿನ ತುಂಡನ್ನು ಕೈಗೆ ತೆಗೆದುಕೊಂಡು ನೋಡಿದೆ. ದೋಸೆಯಷ್ಟು ತೆಳ್ಳಗಿತ್ತು. ಅದರ ಕೆಳಗೆ ಮಣ್ಣಿಲ್ಲ, ಒಣ ಮರಳು. ಎಷ್ಟೇ ಮಳೆ ಬಂದರೂ ನೀರು ಇಂಗಿ ಹೋಗುತ್ತದೆ, ನೆಲ ಗಟ್ಟಿಯಾಗಿಯೇ ಇರುತ್ತದೆ. ನಮ್ಮ ಕೋರ್ಸ್‌ಗಳಲ್ಲಿ ನೀರು ಹಾಯಿಸಿ ಗ್ರೀನ್ ಅನ್ನು, ಅಂದರೆ ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲನ್ನು, ಮೆತ್ತಗೆ ಇಟ್ಟಿರುತ್ತಾರೆ. ಎತ್ತರಕ್ಕೆ ಹೊಡೆದರೆ ಚೆಂಡು ಬಿದ್ದಲ್ಲೇ ನಿಲ್ಲುತ್ತದೆ. ಇಲ್ಲಿ ಬಿದ್ದ ಮೇಲೆಯೇ ಅದರ ಪ್ರಯಾಣ ಶುರು. 30 ಗಜ, 40 ಗಜ ಉರುಳುತ್ತದೆ, ಉಬ್ಬು ಸಿಕ್ಕರೆ ಪಕ್ಕಕ್ಕೆ ತಿರುಗುತ್ತದೆ.

ಇದರ ಜೊತೆಗೆ ಗಾಳಿ. ಹೆಚ್ಚಾಗಿ ಪಶ್ಚಿಮದ ಕಡೆಯಿಂದ ಬೀಸುತ್ತದೆ. ಕೋರ್ಸ್ ಮೊದಲ ಅರ್ಧ ಪಶ್ಚಿಮಕ್ಕೆ ಹೋಗಿ, ಉಳಿದರ್ಧ ಊರಿನ ಕಡೆ ವಾಪಸ್ ಬರುತ್ತದೆ. ಅಂದರೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ. ಮೊದಲ ದಿನ ನಾನು ಬೆಂಗಳೂರಿನಲ್ಲಿ ಹೊಡೆಯುವ ಹಾಗೇ ಹೊಡೆದೆ. 140 ಗಜಕ್ಕೆ ಯಾವಾಗಲೂ ತೆಗೆಯುವ ಐರನ್ ತೆಗೆದೆ. ಚೆಂಡು ಮೇಲೆ ಹೋಗಿ ಗಾಳಿಗೆ ನಿಂತ ಹಾಗೆ ಆಯಿತು, ಆಮೇಲೆ 110 ಗಜದಲ್ಲಿ ಬಿತ್ತು. ಒಂಬತ್ತು ಹೋಲ್ ಇದೇ ಕಥೆ.

ಹತ್ತನೇ ಹೋಲ್ ಮುಗಿದ ಮೇಲೆ ಎಲ್ಲೋ ಒಂದು ಕಡೆ ಗ್ರೀನ್‌ನಿಂದ 30 ಗಜ ದೂರ ನಿಂತಿದ್ದೆ. ಚೆಂಡನ್ನು ಎತ್ತರಕ್ಕೆ ಎಬ್ಬಿಸುವ ವೆಡ್ಜ್ ತೆಗೆದೆ. ಕ್ಯಾಡಿ ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು, ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟರ್ ಕೊಟ್ಟರು. ಇಷ್ಟು ದೂರದಿಂದ ಪಟರ್? "ನೆಲ ನೋಡಿ. ಚೆಂಡು ಎಲ್ಲಿ ಹೋಗಬೇಕು ಅಂತ ನೆಲವೇ ಹೇಳುತ್ತದೆ." ಹುಲ್ಲಿನ ಉಬ್ಬು ತಗ್ಗುಗಳ ಮೇಲೆ ಚೆಂಡು ಕುಣಿಯುತ್ತಾ ಹೋಗಿ ಕುಳಿಯ ಬಾವುಟದ ಕಂಬದ ಹತ್ತಿರ ನಿಂತಿತು. ಅಲ್ಲಿಂದ ಆಟವೇ ಬೇರೆಯಾಯಿತು. ಆದರೆ ಅಷ್ಟು ಹೊತ್ತಿಗೆ ಅರ್ಧ ಕೋರ್ಸ್ ಮುಗಿದಿತ್ತು. ಮೊದಲ ಸಲ ಪಾಠ ಆಗುತ್ತದೆ, ಎರಡನೇ ಸಲ ಆಟ ಆಗುತ್ತದೆ. ನಡುವೆ ಒಂದು ದಿನ ಬಿಡಿ. ರಾತ್ರಿ ಮಲಗಿದಾಗ ಒಂದೊಂದು ಹೋಲ್ ಕಣ್ಣ ಮುಂದೆ ಬರುತ್ತದೆ, ಅದೂ ಒಂದು ಅಭ್ಯಾಸವೇ.

ಹೋಗುವ ಮುಂಚೆ ಊರಿನಲ್ಲೇ ಎರಡು ಹೊಡೆತ ಕಲಿತುಕೊಳ್ಳಿ. ಒಂದು, ಚೆಂಡನ್ನು ಬಲಗಾಲಿನ ಕಡೆ ಇಟ್ಟು 7 ಅಥವಾ 8 ಐರನ್‌ನಲ್ಲಿ ತಗ್ಗಾಗಿ ಉರುಳಿಸುವುದು. ಎರಡು, ಗ್ರೀನ್‌ನ ಹೊರಗಿನಿಂದ ಪಟರ್ ಬಳಸುವುದು. ಇಷ್ಟಾದರೆ ಸಾಕು. ಎದುರುಗಾಳಿ ಜೋರಾಗಿದ್ದರೆ ಎರಡು ಅಳತೆ ದೊಡ್ಡ ಕೋಲು, ಅಂದರೆ ಚೆಂಡನ್ನು ಹೆಚ್ಚು ದೂರ ಕಳಿಸುವಂಥದ್ದು, ತೆಗೆದುಕೊಂಡು ನಿಧಾನವಾಗಿ ಹೊಡೆಯಿರಿ. ಬಲ ಹಾಕಿದಷ್ಟೂ ಚೆಂಡು ಮೇಲಕ್ಕೆ ಏರುತ್ತದೆ.

ಇನ್ನು ಹೋಲ್‌ಗಳು. ಎಲ್ಲವನ್ನೂ ಹೇಳಿದರೆ ನಿಮ್ಮ ಖುಷಿ ಹಾಳಾಗುತ್ತದೆ. ಎರಡು ಮಾತ್ರ ಹೇಳ್ತೀನಿ.

13ನೇ ಹೋಲ್‌ನ ಹೆಸರು ಪಿಟ್. ಗ್ರೀನ್ ಇರುವುದು ಒಂದು ಹಳೆಯ ಕಲ್ಲಿನ ಗೋಡೆಯ ಆ ಕಡೆ, ತಗ್ಗಿನಲ್ಲಿ. ನಮ್ಮ ಹಳ್ಳಿಗಳಲ್ಲಿ ಹೊಲದ ಬದುವಿಗೆ ಕಟ್ಟಿರುತ್ತಾರಲ್ಲ, ಅಂಥದ್ದೇ ಮೋಟು ಗೋಡೆ. ಅದನ್ನು ಕೆಡವಿಲ್ಲ, ಆಟವನ್ನೇ ಅದರ ಸುತ್ತ ಹೊಂದಿಸಿಕೊಂಡಿದ್ದಾರೆ. ಚೆಂಡು ಗೋಡೆಗೆ ತೀರಾ ಹತ್ತಿರ ನಿಂತರೆ ಮುಂದಕ್ಕೆ ಹೊಡೆಯಲು ಆಗುವುದೇ ಇಲ್ಲ, ಪಕ್ಕಕ್ಕೆ ಹೊಡೆದುಕೊಂಡು ದಾಟಬೇಕು. ಮೊದಲ ದಿನ ನನಗೆ ಹಾಗೇ ಆಯಿತು. ಎರಡನೇ ಸಲ ಫೇರ್‌ವೇ ಎಂಬ ಕತ್ತರಿಸಿದ ಹುಲ್ಲಿನ ದಾರಿಯಲ್ಲಿ ಹಿಂದೆಯೇ ನಿಲ್ಲಿಸಿ, ಗೋಡೆಯ ಮೇಲಿನಿಂದ ಆರಾಮಾಗಿ ದಾಟಿಸಿದೆ.

15ನೆಯದು ರೆಡಾನ್. ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ಟೊಪೋಲ್‌ನಲ್ಲಿದ್ದ ಕೋಟೆಯ ಹೆಸರು ಇದಕ್ಕೆ ಬಂದಿದೆ. ಸುಮಾರು 190 ಗಜದ ಪಾರ್ 3, ಅಂದರೆ ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಜಗತ್ತಿನಲ್ಲಿ ಇಷ್ಟು ನಕಲಾದ ಹೋಲ್ ಇನ್ನೊಂದಿಲ್ಲ ಅನ್ನುತ್ತಾರೆ. ಅಮೆರಿಕದ ನ್ಯಾಷನಲ್ ಗಾಲ್ಫ್ ಲಿಂಕ್ಸ್‌ನ ನಾಲ್ಕನೇ ಹೋಲ್ ಇದನ್ನೇ ನೋಡಿ ಮಾಡಿದ್ದು. ಗ್ರೀನ್ ಅಡ್ಡಡ್ಡ ಇದೆ, ಬಲಗಡೆ ಮುಂದಿನಿಂದ ಎಡಗಡೆ ಹಿಂದಕ್ಕೆ ಇಳಿಜಾರು, ಎಡಕ್ಕೆ ಬಂಕರ್ ಎಂಬ ಆಳವಾದ ಮರಳು ಗುಂಡಿ. ಮೊದಲ ಹೊಡೆತ ಹೊಡೆಯುವ ಟೀಯಿಂದ ಗ್ರೀನ್ ಸರಿಯಾಗಿ ಕಾಣುವುದಿಲ್ಲ. ಕಂಬಕ್ಕೆ ಗುರಿ ಇಟ್ಟರೆ ಕೆಟ್ಟಿರಿ. ಗ್ರೀನ್‌ನ ಬಲಗಡೆ ಅಂಚಿಗೆ ಗುರಿ ಇಡಿ. ಅಲ್ಲಿ ಬಿದ್ದ ಚೆಂಡು ತಾನಾಗಿಯೇ ಎಡಕ್ಕೆ ಇಳಿದುಕೊಂಡು ಹೋಗುತ್ತದೆ. ಎರಡನೇ ಸಲ ನಾನು ಹಾಗೇ ಆಡಿದೆ. ಮೇಲೆ ಹೋಗಿ ನೋಡಿದರೆ ಚೆಂಡು ಕಂಬದಿಂದ ಎಂಟು ಅಡಿ ದೂರದಲ್ಲಿತ್ತು. ಅಲ್ಲಿಂದ ಕುಳಿಗೆ ಹಾಕಲು ಆಗಲಿಲ್ಲ, ಆದರೂ ಬೇಜಾರಾಗಲಿಲ್ಲ.

ವಾಪಸ್ ಬರುವಾಗ ಕಡಲಿನಲ್ಲಿ ಬಾಸ್ ರಾಕ್ ಕಾಣುತ್ತದೆ. ದೂರಕ್ಕೆ ಬಂಡೆಯ ಮೇಲೆ ಸುಣ್ಣ ಬಳಿದ ಹಾಗಿರುತ್ತದೆ. ಅದು ಗ್ಯಾನೆಟ್ ಹಕ್ಕಿಗಳ ಬಿಳುಪು, ಅವುಗಳ ಹಿಕ್ಕೆಯ ಬಿಳುಪು. ಉತ್ತರ ಗ್ಯಾನೆಟ್‌ಗಳ ಜಗತ್ತಿನ ಅತಿ ದೊಡ್ಡ ನೆಲೆ ಅಂತ ಹೆಸರಾದ ಬಂಡೆ ಇದು. 2014ರ ಎಣಿಕೆಯಲ್ಲಿ ಸುಮಾರು ಒಂದೂವರೆ ಲಕ್ಷ ಹಕ್ಕಿಗಳಿದ್ದವು. 2022ರಲ್ಲಿ ಹಕ್ಕಿಜ್ವರ ಬಂದು ತುಂಬಾ ಸತ್ತವು. ಆದರೂ ಬಂಡೆ ಇನ್ನೂ ಬೆಳ್ಳಗೇ ಇದೆ.

ಈಗ ತಯಾರಿಯ ವಿಷಯ. ಮೇ ತಿಂಗಳಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಸಂಜೆ ನಾಲ್ಕಕ್ಕೆ ಶುರು ಮಾಡಿದರೂ 18 ಹೋಲ್ ಮುಗಿಸಬಹುದು. ಟೀ ಟೈಮ್, ಅಂದರೆ ಆಟ ಶುರು ಮಾಡುವ ಸಮಯವನ್ನು, ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ. ಬೇಸಿಗೆಯಲ್ಲಿ ಒಂದು ಸಲ ಆಡುವ ಗ್ರೀನ್ ಫೀ ಇನ್ನೂರು ಪೌಂಡ್ ದಾಟುತ್ತದೆ. ಎರಡು ಸಲ ಅಂದರೆ ದೊಡ್ಡ ಮೊತ್ತ, ಗೊತ್ತು. ಅದಕ್ಕೇ ಬೇರೆ ಹೆಸರಾಂತ ಕೋರ್ಸ್ ಒಂದನ್ನು ಬಿಡಿ ಅಂದದ್ದು. ಅಷ್ಟೂ ಆಗದಿದ್ದರೆ ಊರಿನ ಪೂರ್ವ ತುದಿಯಲ್ಲಿ ಗ್ಲೆನ್ ಎಂಬ ಕೋರ್ಸ್ ಇದೆ. ಫೀ ಕಡಿಮೆ, ಬಂಡೆಯ ಅಂಚಿನ ನೋಟ ಇನ್ನೂ ಚೆಂದ, ಬಾಸ್ ರಾಕ್ ಇನ್ನೂ ಹತ್ತಿರ. ಮೊದಲು ಗ್ಲೆನ್‌ನಲ್ಲಿ ಗಾಳಿ ಅಭ್ಯಾಸ ಮಾಡಿಕೊಂಡು ಆಮೇಲೆ ವೆಸ್ಟ್ ಲಿಂಕ್ಸ್ ಆಡಿ. ನಿಮ್ಮ ಆಟದ ಮಟ್ಟ ತೋರಿಸುವ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಜೊತೆಗಿರಲಿ. ಮೊದಲ ರೌಂಡ್‌ಗೆ ಕ್ಯಾಡಿ ಬೇಕೇ ಬೇಕು. ಅದನ್ನೂ ಮುಂಚೆಯೇ ಹೇಳಿಡಬೇಕು, ದುಡ್ಡು ಬೇರೆ, ನಗದು ಇಟ್ಟುಕೊಂಡಿರಿ. ಎರಡನೇ ರೌಂಡ್‌ಗೆ ಟ್ರಾಲಿ ಸಾಕು. ಇಲ್ಲಿ ನಡೆದೇ ಆಡುವುದು, ಅದಕ್ಕೆ ಕಾಲು ತಯಾರಿರಲಿ.

ಯುಕೆ ವಿಸಿಟರ್ ವೀಸಾ ಬೇಕು. ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ, ನೀವು ಎರಡು ತಿಂಗಳು ಇಟ್ಟುಕೊಳ್ಳಿ. ಎಡಿನ್‌ಬರಾದ ವೇವರ್ಲಿ ಸ್ಟೇಷನ್‌ನಿಂದ ರೈಲು ಅರ್ಧ ಗಂಟೆಯ ದಾರಿ. ಟಿಕೆಟ್ ತೆಗೆಯುವಾಗ ಗಮನಿಸಿ, ಬರೆಯುವುದು ಬರ್ವಿಕ್ ಅಂತ, ಹೇಳುವುದು ಬೆರಿಕ್ ಅಂತ. ಬೆರಿಕ್-ಅಪಾನ್-ಟ್ವೀಡ್ ಎಂಬ ಇನ್ನೊಂದು ಸ್ಟೇಷನ್ ಇಂಗ್ಲೆಂಡಿನಲ್ಲಿದೆ, ಅದಕ್ಕೆ ಹತ್ತಬೇಡಿ. ಇಳಿದ ಮೇಲೆ ಕ್ಲಬ್‌ಗೆ ನಡೆದೇ ಹೋಗಬಹುದು, ಕಾರು ಬೇಕಿಲ್ಲ.

ನನ್ನ ಗಾಲ್ಫ್ ಬ್ಯಾಗ್ ವಿಮಾನ ಬದಲಿಸುವಲ್ಲಿ ಉಳಿದುಹೋಗಿ ಒಂದೂವರೆ ದಿನ ತಡವಾಗಿ ಬಂತು. ಆ ಆತಂಕ ನಿಮಗೆ ಬೇಡ. ತಲುಪಿದ ಮಾರನೇ ದಿನವೇ ಟೀ ಟೈಮ್ ಇಟ್ಟುಕೊಳ್ಳಬೇಡಿ, ಒಂದು ದಿನ ಬಿಡಿ. ಶೂ, ಗ್ಲೌಸ್, ಮಳೆ ಜಾಕೆಟ್ ಕೈಚೀಲದಲ್ಲಿರಲಿ. ಆಡುವ ಕೋಲು ಬಾಡಿಗೆಗೆ ಸಿಗುತ್ತದೆ, ಅಳತೆಯ ಶೂ ಸಿಗುವುದು ಕಷ್ಟ. ಜೂನ್‌ನಲ್ಲೂ ತೆಳು ಸ್ವೆಟರ್, ಅದರ ಮೇಲೆ ಮಳೆ ಜಾಕೆಟ್, ಕಿವಿ ಮುಚ್ಚುವ ಟೋಪಿ ಬೇಕು. ಈ ಕರಾವಳಿಯಲ್ಲಿ ಕಡಲಿನಿಂದ ಇದ್ದಕ್ಕಿದ್ದ ಹಾಗೆ ಮಂಜು ಬರುತ್ತದೆ, ಅದನ್ನು ಅಲ್ಲಿಯವರು ಹಾರ್ ಅನ್ನುತ್ತಾರೆ. ಎರಡನೇ ರೌಂಡ್‌ನ ಐದನೇ ಹೋಲ್‌ನಲ್ಲಿ ಬಂತು. ಇಪ್ಪತ್ತು ನಿಮಿಷ ಏನೂ ಕಾಣಲಿಲ್ಲ, ಅಲೆಯ ಸದ್ದು ಮಾತ್ರ. ಆಮೇಲೆ ಬಿಸಿಲು.

ಸಸ್ಯಾಹಾರಿಗಳಿಗೆ ಊಟ ಸುಲಭ, ಆದರೆ ಸಪ್ಪೆ. ಸೂಪ್, ಬ್ರೆಡ್, ಬೇಯಿಸಿದ ಆಲೂಗಡ್ಡೆ ಸಿಗುತ್ತವೆ. ಮನೆಯಿಂದ ತಂದ ಚಟ್ನಿಪುಡಿ ಆಲೂಗಡ್ಡೆಯ ಮೇಲೆ ಉದುರಿಸಿಕೊಂಡು ತಿಂದೆವು. ಮೀನು ತಿನ್ನುವವರಿಗೆ ಬಂದರಿನ ಹತ್ತಿರ ಹಬ್ಬ.

ಜೊತೆಗೆ ಬರುವವರು ಗಾಲ್ಫ್ ಆಡದಿದ್ದರೂ ಬೇಜಾರಿಲ್ಲ. ನನ್ನ ಹೆಂಡತಿ ನಾನು ಆಡುವಾಗ 187 ಮೀಟರ್ ಎತ್ತರದ ನಾರ್ತ್ ಬೆರಿಕ್ ಲಾ ಗುಡ್ಡ ಹತ್ತಿ ಬಂದಳು. ಸೀಬರ್ಡ್ ಸೆಂಟರ್‌ನಲ್ಲಿ ಅರ್ಧ ದಿನ ಕಳೆದಳು. ಟ್ಯಾಂಟಲನ್ ಕೋಟೆಯೂ ಹತ್ತಿರವೇ ಇದೆ. ನಡುವಿನ ಬಿಡುವಿನ ದಿನ ಇಬ್ಬರೂ ದೋಣಿಯಲ್ಲಿ ಬಾಸ್ ರಾಕ್ ಸುತ್ತಿದೆವು. ದೋಣಿಗೂ ಮುಂಗಡ ಬುಕ್ ಮಾಡಿ, ಗಾಳಿ ಜೋರಾದರೆ ಬಿಡುವುದಿಲ್ಲ.

ಕೊನೆಯ ಸಂಜೆ ಆಟ ಮುಗಿದ ಮೇಲೆ ಬೀಚಿಗೆ ಮತ್ತೆ ಇಳಿದೆವು. ಒಂಬತ್ತೂವರೆ ಆಗಿತ್ತು, ಇನ್ನೂ ಬೆಳಕು. ಒಂದು ಗ್ಯಾನೆಟ್ ಮೇಲೆ ಸುತ್ತುತ್ತಿತ್ತು. ತಟ್ಟನೆ ರೆಕ್ಕೆ ಮಡಚಿ ಬಾಣದ ಹಾಗೆ ನೀರಿಗೆ ಬಿತ್ತು. ನೀರು ಎದ್ದದ್ದು ಕಂಡ ಸ್ವಲ್ಪ ಹೊತ್ತಿಗೆ ಸದ್ದು ಕೇಳಿಸಿತು. "ಇನ್ನೊಂದು ದಿನ ಇರೋಣ್ವಾ?" ಅಂದಳು. ಬೆಳಿಗ್ಗೆ ಎಂಟಕ್ಕೆ ರೈಲಿತ್ತು. ನೀವು ಬುಕ್ ಮಾಡುವಾಗ ನಾಲ್ಕು ದಿನದ ಬದಲು ಐದು ದಿನ ಮಾಡಿ.