ಕೋಳಿ ರೆಕ್ಕೆ, ಹಾರುವ ಓತಿ, ಕಾಡುಪಾಪ

ವಿಕಾಸಕ್ಕೆ ಸಾಕ್ಷಿ ಏನು ಅಂತ ಕೇಳಿದರೆ ಹೆಚ್ಚಿನವರು ಪಳೆಯುಳಿಕೆಯ ಹೆಸರು ಹೇಳುತ್ತಾರೆ. ಕಾಸರಗೋಡಿನವರಿಗೆ ಆ ದಾರಿ ಅಷ್ಟಾಗಿ ಒದಗುವುದಿಲ್ಲ. ನಮ್ಮ ಕಾಲಡಿಯಲ್ಲಿರುವುದು ಮುರಕಲ್ಲು. ಮಳೆನೀರು ಇಳಿದಿಳಿದು, ಕರಗುವುದೆಲ್ಲ ತೊಳೆದುಹೋಗಿ, ಮುಖ್ಯವಾಗಿ ಕಬ್ಬಿಣ ಮತ್ತು ಅಲ್ಯುಮಿನಿಯಂನ ಅಂಶ ಉಳಿದ ಕಲ್ಲು ಅದು. ಎಲುಬು ಅಂಥ ಹುಳಿ ಮಣ್ಣಿನಲ್ಲಿ ಬಹುಕಾಲ ನಿಲ್ಲುವುದಿಲ್ಲ. ಹಾಗಾಗಿ ಕಲ್ಲಿನ ಕೋರೆಯಲ್ಲಿ ಹುಡುಕುವುದು ಬಿಟ್ಟು ತೋಟ ಮತ್ತು ಅಡುಗೆಮನೆಯನ್ನು ನೋಡುವುದು ಒಳ್ಳೆಯದು. ನನ್ನ ಮಟ್ಟಿಗೆ ಅಲ್ಲಿ ಸಿಗುವ ಸಾಕ್ಷಿಯೇ ಹೆಚ್ಚು ಗಟ್ಟಿ.

ಕಂಗಿನ ಮರದಲ್ಲಿ ಇರುವೆ ಹೆಕ್ಕುತ್ತಾ ಕೂತಿರುವ ಹಾರುವ ಓತಿಯನ್ನು ಗಮನಿಸಿ. ಗಂಡಾದರೆ ಗಂಟಲಿನ ಹಳದಿ ಚೀಲ ಚಾಚುವುದರಿಂದ ಬೇಗ ಕಣ್ಣಿಗೆ ಬೀಳುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ತೇಲುವಾಗ ಬಿಚ್ಚುವ ಅದರ ರೆಕ್ಕೆಗೆ ಕೈಯ ಸಂಬಂಧವೇ ಇಲ್ಲ. ಉದ್ದ ಬೆಳೆದ ಐದಾರು ಜೊತೆ ಪಕ್ಕೆಲುಬು ಚರ್ಮವನ್ನು ಎತ್ತಿ ಹಿಡಿಯುತ್ತದೆ. ಹಾರುವ ಅಳಿಲು ತೇಲುವುದು ಮುಂಗಾಲು ಹಿಂಗಾಲಿನ ನಡುವಿನ ಚರ್ಮದಿಂದ. ಮಲಬಾರಿನ ಹಾರುವ ಕಪ್ಪೆಗೆ ಬೆರಳುಗಳ ನಡುವಿನ ಜಾಲವೇ ಸಾಕು. ಬಾವಲಿಗೆ ನಾಲ್ಕು ಬೆರಳು ವಿಪರೀತ ಉದ್ದವಾಗಿ, ಹೆಬ್ಬೆರಳು ಮಾತ್ರ ಉಗುರಿನ ಸಮೇತ ಹೊರಗೆ ಉಳಿದಿದೆ. ಎಲ್ಲರಿಗೂ ಗಾಳಿಯಲ್ಲಿ ಸಾಗಬೇಕಿತ್ತು. ಪ್ರತಿಯೊಬ್ಬರೂ ಹಿರಿಯರಿಂದ ಬಂದ ಬೇರೆ ಬೇರೆ ಅಂಗವನ್ನು ಅದಕ್ಕೆ ಒಗ್ಗಿಸಿಕೊಂಡರು.

ಇಲ್ಲೇ ಹೆಚ್ಚಿನ ವಿದ್ಯಾರ್ಥಿಗಳು ಎಡವುವುದು. ಕೆಲಸ ಒಂದೇ ಎಂಬ ಕಾರಣಕ್ಕೆ ಎರಡು ಜೀವಿಗಳನ್ನು ನೆಂಟರು ಅನ್ನಬಾರದು. ಕೆಲಸ ಬೇರೆಯಾದರೂ ಒಳಗಿನ ಎಲುಬಿನ ಜೋಡಣೆ ಒಂದೇ ಆಗಿದ್ದರೆ ಆಗ ನೆಂಟಸ್ತಿಕೆ ಹುಡುಕಬೇಕು.

ಇದನ್ನು ಕೈಯಲ್ಲಿ ಹಿಡಿದು ನೋಡಲು ಕೋಳಿಯ ಒಂದು ರೆಕ್ಕೆ ಸಾಕು. ಅಂಗಡಿಯವರು ರೆಕ್ಕೆಯ ತುದಿ ಕತ್ತರಿಸಿ ಬಿಸಾಡುತ್ತಾರೆ, ನಮಗೆ ಬೇಕಾದದ್ದು ಅದೇ. ಇಡಿಯಾಗಿ ಕೊಡಿ ಅಂತ ಮೊದಲೇ ಹೇಳಿ. ಊರ ಕೋಳಿಯದ್ದು ಸಿಕ್ಕಿದರೆ ಒಳ್ಳೆಯದು. ಬ್ರಾಯ್ಲರ್ ಕೋಳಿಯನ್ನು ಆರೇಳು ವಾರದೊಳಗೆ ಮಾರುವುದರಿಂದ ಎಲುಬಿನ ತುದಿಗಳು ಇನ್ನೂ ಮೃದ್ವಸ್ಥಿಯಾಗಿದ್ದು, ಬೇಯುವಾಗ ಕಳಚಿ ಬರುತ್ತವೆ. ಚರ್ಮ ಸುಲಿದು, ತೆರೆದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸಿ. ಕುಕ್ಕರ್ ಬೇಡ, ಸಣ್ಣ ಎಲುಬೆಲ್ಲ ಚದುರಿ ಯಾವುದು ಎಲ್ಲಿಯದು ಅಂತ ತಿಳಿಯುವುದಿಲ್ಲ. ಭುಜದ ಕಡೆಯಿಂದ ಒಂದೊಂದೇ ಎಲುಬು ಬಿಡಿಸಿ, ಬಂದ ಕ್ರಮದಲ್ಲೇ ಕಾಗದದ ಮೇಲಿಟ್ಟು ಗುರುತು ಹಾಕಿ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಒಂದೆರಡು ದಿನ ನೆನೆಸಿದರೆ ಜಿಡ್ಡು ಬಿಡುತ್ತದೆ. ಬಿಳಿಯಾಗಬೇಕಿದ್ದರೆ ಮೆಡಿಕಲ್ ಅಂಗಡಿಯ ಶೇಕಡಾ 6ರ ಹೈಡ್ರೋಜನ್ ಪೆರಾಕ್ಸೈಡಿಗೆ ಅಷ್ಟೇ ನೀರು ಸೇರಿಸಿ, ಕೈಗವಸು ಹಾಕಿಕೊಂಡು ಕೆಲವು ಗಂಟೆ ಮುಳುಗಿಸಿಡಿ. ಅನಿಲ ಬರುವುದರಿಂದ ಮುಚ್ಚಳ ಬಿಗಿಯಬೇಡಿ. ಬ್ಲೀಚಿಂಗ್ ಪೌಡರ್ ಮುಟ್ಟಲೇಬೇಡಿ, ಅದು ಎಲುಬನ್ನೇ ತಿಂದು ಪುಡಿಪುಡಿ ಮಾಡುತ್ತದೆ. ಮಳೆಗಾಲದಲ್ಲಿ ಸರಿಯಾಗಿ ಒಣಗಿಸದಿದ್ದರೆ ಬೂಸ್ಟು ಹಿಡಿಯುತ್ತದೆ. ಮನೆಯಲ್ಲಿ ಕೋಳಿ ಬೇಯಿಸದವರು ಶಾಲೆಯಲ್ಲೇ ಮಾಡಿಸಬಹುದು.

ಈಗ ನಿಮ್ಮ ಕೈಯನ್ನು ಪಕ್ಕದಲ್ಲಿಡಿ. ಭುಜದಿಂದ ಮೊಣಕೈವರೆಗೆ ಒಂದೇ ಎಲುಬು. ಮುಂದೆ ಎರಡು, ಒಂದು ತೆಳು, ಒಂದು ದಪ್ಪ. ಮಣಿಕಟ್ಟಿನಲ್ಲಿ ಬಿಡಿಯಾಗಿ ಎರಡು ಗುಂಡು ಎಲುಬು, ನಮಗೆ ಎಂಟು. ಆಮೇಲೆ ನಡುವೆ ಸಂದಿ ಇರುವ ಒಂದು ವಿಚಿತ್ರ ಎಲುಬು: ಮಣಿಕಟ್ಟಿನ ಉಳಿದ ಎಲುಬು ಮತ್ತು ಅಂಗೈಯ ಎಲುಬು ಬೆಸೆದು ಆದದ್ದು. ತುದಿಯಲ್ಲಿ ಮೂರು ಬೆರಳಿನ ಕುರುಹು. ಬೆಸುಗೆ ಅನ್ನುವುದು ಊಹೆಯ ಮಾತಲ್ಲ, ಮೊಟ್ಟೆಯೊಳಗಿನ ಮರಿಯಲ್ಲಿ ಇವೆಲ್ಲ ಬಿಡಿಯಾಗಿಯೇ ಹುಟ್ಟಿ ಆಮೇಲೆ ಕೂಡಿಕೊಳ್ಳುತ್ತವೆ. ಹಾರಲು ಹೊಸದಾಗಿ ರೆಕ್ಕೆ ಮಾಡುವವರು ಬೆರಳು ಮಾಡಿ ಬೆಸೆಯುವ ಗೋಜಿಗೆ ಯಾಕೆ ಹೋಗಬೇಕು?

ಬಾವಲಿಯ ರೆಕ್ಕೆಯನ್ನು ಚಿತ್ರದಲ್ಲೇ ನೋಡಿ. ಸತ್ತು ಬಿದ್ದ ಬಾವಲಿಯನ್ನು ಪಾಠಕ್ಕೆಂದು ಯಾರೂ ಹೆಕ್ಕಬಾರದು. 2018ರಲ್ಲಿ ಕೋಝಿಕ್ಕೋಡಿನಲ್ಲಿ ಜೀವ ತೆಗೆದ ನಿಪಾ ವೈರಸ್ಸಿನ ಮೂಲ ನೆಲೆ ಹಣ್ಣು ತಿನ್ನುವ ಬಾವಲಿಗಳೇ.

ಮನುಷ್ಯನ ವಿಷಯಕ್ಕೆ ಬಂದರೆ, ಮೊದಲು ಒಂದು ಮಾತು ಬಿಡಿಸಬೇಕು. ಈಗ ತೋಟಕ್ಕೆ ನುಗ್ಗಿ ಬೊಂಡ ಕೆಡಹುವ ಮಂಗ ನಮ್ಮ ಅಜ್ಜನಲ್ಲ, ದೂರದ ದಾಯಾದಿ. ಚಿಂಪಾಂಜಿ ಹತ್ತಿರದ ದಾಯಾದಿ. ನಮ್ಮ ಕವಲು ಮತ್ತು ಅದರ ಕವಲು ಬೇರೆಯಾಗಿ ಸುಮಾರು 60–70 ಲಕ್ಷ ವರ್ಷ. 1974ರಲ್ಲಿ ಇಥಿಯೋಪಿಯಾದಲ್ಲಿ ಸಿಕ್ಕಿದ, 32 ಲಕ್ಷ ವರ್ಷ ಹಳೆಯ ಲೂಸಿ ಎಂಬ ಪಳೆಯುಳಿಕೆಯ ಸೊಂಟ ಮತ್ತು ಮೊಣಕಾಲು ಎರಡು ಕಾಲಿನಲ್ಲಿ ನಡೆಯುವವರದ್ದು. ಅವಳ ಜಾತಿಯ ಮಿದುಳಾದರೋ ಚಿಂಪಾಂಜಿಯದ್ದಕ್ಕಿಂತ ಹೆಚ್ಚೇನೂ ದೊಡ್ಡದಲ್ಲ. ಎದ್ದು ನಡೆದದ್ದು ಮೊದಲು, ತಲೆ ಬೆಳೆದದ್ದು ಆಮೇಲೆ. 1912ರಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕಿತೆಂದ ಪಿಲ್ಟ್‌ಡೌನ್ ತಲೆಬುರುಡೆ ಇದಕ್ಕೆ ತಿರುಗುಮುರುಗಾಗಿತ್ತು, ದೊಡ್ಡ ಮಿದುಳಿಗೆ ವಾನರನ ದವಡೆ. ಮೊದಲು ಬೆಳೆದದ್ದು ಬುದ್ಧಿಯೇ ಎಂದು ನಂಬಲು ಪಂಡಿತರಿಗೆ ಇಷ್ಟವಿತ್ತು. 1953ರಲ್ಲಿ ಅದು ನಕಲಿಯೆಂದು ಬಯಲಾಯಿತು.

ನನಗೆ ಇದಕ್ಕಿಂತ ಬಲವಾಗಿ ಕಾಣುವುದು ಜೀನ್‌ಗಳಲ್ಲಿರುವ ಹಾಳು. ಹಟ್ಟಿಯ ದನ, ಅಂಗಳದ ನಾಯಿ ವಿಟಮಿನ್ ಸಿಯನ್ನು ಯಕೃತ್ತಿನಲ್ಲಿ ತಾವೇ ತಯಾರಿಸಿಕೊಳ್ಳುತ್ತವೆ. ನಮಗಾಗುವುದಿಲ್ಲ. ಕೊನೆಯ ಹಂತದ ಕಿಣ್ವದ ಜೀನ್ ನಮ್ಮಲ್ಲೂ ಇದೆ, ಆದರೆ ತುಂಡಾಗಿ ಕೆಟ್ಟುಹೋಗಿದೆ. ಚಿಂಪಾಂಜಿಗೂ ಕೆಟ್ಟಿದೆ, ಮಂಗನಿಗೂ ಕೆಟ್ಟಿದೆ, ಎಷ್ಟೋ ಕಡೆ ಅದೇ ಜಾಗಗಳಲ್ಲಿ. ಗಿನಿಯಿಲಿಯಲ್ಲೂ ಈ ಜೀನ್ ಹಾಳಾಗಿದೆ, ಆದರೆ ಅದು ಪ್ರತ್ಯೇಕವಾಗಿ, ಬೇರೆ ರೀತಿಯಲ್ಲಿ ಆದ ಹಾಳು. ಅದೇ ನಮ್ಮ ಘಟ್ಟದ ಬುಡದ ಕಾಡುಪಾಪದ ಗುಂಪಿನವು ಪ್ರೈಮೇಟುಗಳೇ (ಮಂಗ, ವಾನರ, ಮನುಷ್ಯರಿರುವ ಗುಂಪಿನವೇ) ಆದರೂ ವಿಟಮಿನ್ ತಯಾರಿಸಬಲ್ಲವು, ಏಕೆಂದರೆ ಜೀನ್ ಹಾಳಾಗುವ ಮೊದಲೇ ಆ ಕವಲು ಬೇರೆಯಾಗಿತ್ತು. ಯಕ್ಷಗಾನ ಪ್ರಸಂಗದ ತಾಳೆಗರಿ ಪ್ರತಿಗಳನ್ನು ಹೋಲಿಸುವವರಿಗೆ ಈ ತರ್ಕ ಹೊಸದಲ್ಲ: ಸರಿಯಾದ ಪದ್ಯ ಎರಡು ಪ್ರತಿಯಲ್ಲಿದ್ದರೆ ಏನೂ ತಿಳಿಯುವುದಿಲ್ಲ, ಒಂದೇ ಸಾಲಿನಲ್ಲಿ ಒಂದೇ ಅಕ್ಷರ ಬಿಟ್ಟುಹೋಗಿದ್ದರೆ ಎರಡರ ಮೂಲವೂ ಒಂದೇ.

ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 24 ಜೊತೆ ವರ್ಣತಂತುಗಳು (ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆಗಳು), ನಮಗೆ 23. ಒಂದು ಜೊತೆ ಪೂರ್ತಿ ಕಳೆದುಹೋದರೆ ಜೀವಿ ಬದುಕಲಾರದು. ಹಾಗಾದರೆ ಎರಡು ಕೂಡಿ ಒಂದಾಗಿರಬೇಕು, ಕೂಡಿದ ಗುರುತೂ ಉಳಿದಿರಬೇಕು. ವರ್ಣತಂತುವಿನ ತುದಿಯಲ್ಲಿ ಟಿಟಿಎಜಿಜಿಜಿ ಎಂಬ ಆರು ಡಿಎನ್‌ಎ ಅಕ್ಷರ ಮತ್ತೆ ಮತ್ತೆ ಬರುತ್ತದೆ. ನಮ್ಮ ಎರಡನೇ ವರ್ಣತಂತುವಿನ ಒಳಗೆ ಅಂಥ ಎರಡು ತುದಿಗಳು ಎದುರುಬದುರಾಗಿ ಅಂಟಿರುವುದು 1991ರಲ್ಲಿ ಸಿಕ್ಕಿತು. ಆ ಅಕ್ಷರಗಳು ಈಗ ಅಲ್ಲಲ್ಲಿ ಕೆಟ್ಟಿವೆಯಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಒಳಗೆ ಸೇರಿದ ಮೇಲೆ ತುದಿಯನ್ನು ರಿಪೇರಿ ಮಾಡುವ ಕಿಣ್ವಕ್ಕೆ ಅಲ್ಲಿ ಕೆಲಸವಿಲ್ಲ, ಕೆಡದೆ ಇದ್ದಿದ್ದರೇ ಆಶ್ಚರ್ಯ. ಒಂದು ವರ್ಣತಂತುವಿಗೆ ಒಂದೇ ಸೆಂಟ್ರೋಮಿಯರ್, ಅಂದರೆ ಕೋಶ ಎರಡಾಗುವಾಗ ಅದನ್ನು ಹಿಡಿದೆಳೆಯುವ ಜಾಗ, ಬೇಕು. ನಮ್ಮ ಎರಡನೇ ವರ್ಣತಂತುವಿನಲ್ಲಿ ಕೆಲಸ ಮಾಡುವ ಒಂದರ ಜೊತೆಗೆ, ಕೆಲಸ ನಿಲ್ಲಿಸಿದ ಇನ್ನೊಂದರ ಅವಶೇಷವೂ ಇದೆ.