ಬಾಗಿದ ಬೆನ್ನು ನೆಟ್ಟಗಾದ ಮೇಲೆ

ಆರು ವರ್ಷ ಸ್ಪೋರ್ಟ್ ಬೈಕ್ ಓಡಿಸಿದ ನಾನು ಕಳೆದ ತಿಂಗಳು ನೇಕೆಡ್ ಬೈಕಿಗೆ, ಅಂದರೆ ಮುಂದೆ ಗಾಳಿ ತಡೆಯುವ ಹೊದಿಕೆಯಿಲ್ಲದ, ನೆಟ್ಟಗೆ ಕೂತು ಓಡಿಸುವ ಬೈಕಿಗೆ, ಬದಲಾದೆ. ಕಾರಣ ವೇಗವಲ್ಲ, ಮಣಿಕಟ್ಟು. ಸ್ಪೋರ್ಟ್ ಬೈಕಿನಲ್ಲಿ ಹ್ಯಾಂಡಲ್ ತಗ್ಗಿನಲ್ಲಿಯೂ ಫುಟ್‌ರೆಸ್ಟ್ ಹಿಂದಕ್ಕೂ ಇರುವುದರಿಂದ ಮೈಭಾರದ ಒಂದು ಪಾಲು ಅಂಗೈಗಳ ಮೇಲೆ ಬೀಳುತ್ತದೆ. ವೇಗ ಹೆಚ್ಚಿದಾಗ ಎದೆಗೆ ತಾಗುವ ಗಾಳಿ ಆ ಭಾರವನ್ನು ಸ್ವಲ್ಪ ಎತ್ತಿ ಹಿಡಿಯುತ್ತದಾದರೂ, ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಸಂಚಾರದಲ್ಲಿ ಆ ನೆರವು ಸಿಗುವುದಿಲ್ಲ. ಮನೆಗೆ ಬಂದು ಗ್ಲೌಸ್ ಕಳಚಿದರೆ ಕಿರುಬೆರಳು ಜುಮ್ಮೆನ್ನುತ್ತಿತ್ತು.

ಹೊಸ ಬೈಕಿನ ಅಗಲವಾದ ಹ್ಯಾಂಡಲ್‌ಬಾರ್‌ಗೆ ಹೊಂದಿಕೊಳ್ಳಲು ಒಂದು ವಾರ ಹಿಡಿಯಿತು. ಹಿಡಿಕೆ ಅಗಲವಾದಷ್ಟೂ ತಿರುಗಿಸಲು ಬೇಕಾದ ಬಲ ಕಡಿಮೆ; ಹಳೆಯ ಅಭ್ಯಾಸದಂತೆ ಜೋರಾಗಿ ಒತ್ತಿದ ನಾನು ಮೊದಲ ತಿರುವಿನಲ್ಲೇ ಎಣಿಸಿದ್ದಕ್ಕಿಂತ ಹೆಚ್ಚು ವಾಲಿ ಬೆಚ್ಚಿಬಿದ್ದೆ. ಯಮಹಾದ ಸ್ಪೋರ್ಟ್ ಬೈಕ್ ಆರ್7 ಮತ್ತು ನೇಕೆಡ್ ಬೈಕ್ ಎಂಟಿ-07ಗಳಲ್ಲಿ ಇರುವುದು 689 ಸಿಸಿಯ ಒಂದೇ ಎಂಜಿನ್. ಆದರೂ ಅವು ಬೇರೆಬೇರೆ ಸ್ವಭಾವದವೆನಿಸಲು ಕೂರುವ ಭಂಗಿಯೇ ಬಹುಮಟ್ಟಿಗೆ ಕಾರಣವೆಂದು ಈಗ ಒಪ್ಪುತ್ತೇನೆ.

ಕಳೆದುಕೊಂಡದ್ದೂ ಇದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗಂಟೆಗೆ 50 ಕಿ.ಮೀ. ವೇಗಕ್ಕೆ ಹೋಲಿಸಿದರೆ 100ರಲ್ಲಿ ಎದೆಯ ಮೇಲೆ ನಾಲ್ಕು ಪಟ್ಟು ಒತ್ತಡ. ಹೆದ್ದಾರಿಯಲ್ಲಿ ಅರ್ಧ ಗಂಟೆಗೇ ಕುತ್ತಿಗೆ ಬಿಗಿಯುತ್ತದೆ. ಸಣ್ಣದೊಂದು ವಿಂಡ್‌ಸ್ಕ್ರೀನ್ ತರಿಸಿದ್ದೇನೆ, ಆದರೆ ಬೈಕಿನ ಅಂದ ಕೆಡುತ್ತದೆಂಬ ಅಳುಕಿನಿಂದ ಅದಿನ್ನೂ ಡಬ್ಬದಲ್ಲೇ ಇದೆ.